ಗೆಳತಿಯ ಜೊತೆ 2 ದಿನ ಸಿಂಗಾಪುರ

ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟರೆ ಶನಿವಾರ ಬೆಳಗ್ಗೆ ಸಿಂಗಾಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಇರುತ್ತೀರಿ. ವಿಮಾನದಲ್ಲಿ ಸುಮಾರು ನಾಲ್ಕೂವರೆ ಗಂಟೆ, ಅಲ್ಲಿನ ಗಡಿಯಾರ ಎರಡೂವರೆ ಗಂಟೆ ಮುಂದೆ. ವೀಸಾ ಮೊದಲೇ ಮಾಡಿಸಿ. ದೇಶದೊಳಗೆ ಹೋಗಲು ಬೇಕಾದ ಅರೈವಲ್ ಕಾರ್ಡ್ ಅರ್ಜಿಯನ್ನು ಅಲ್ಲಿಗೆ ತಲುಪುವ ಮುಂಚಿನ ಕೊನೆಯ 3 ದಿನಗಳಲ್ಲಿ ಸರ್ಕಾರಿ ವೆಬ್‌ಸೈಟಿನಲ್ಲೇ ತುಂಬಿ, ಅದಕ್ಕೆ ದುಡ್ಡಿಲ್ಲ, ದುಡ್ಡು ಕೇಳುವ ಸೈಟ್ ಕಂಡರೆ ಸುಮ್ನೆ ಮುಚ್ಚಿಬಿಡಿ.

ಮೆಟ್ರೋಗೆ ಟಿಕೆಟ್ ಬೇಡ, ಬ್ಯಾಂಕ್ ಕಾರ್ಡ್ ತಟ್ಟಿದರೆ ಸಾಕು. ಆದರೆ ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗೋಕಾಗಲ್ಲ, ಮತ್ತೆ ವಿದೇಶಿ ಬಳಕೆಯನ್ನು ಊರಲ್ಲೇ ಆನ್ ಮಾಡಿಕೊಂಡಿರಬೇಕು.

ಹೋಟೆಲನ್ನು ಲಿಟ್ಲ್ ಇಂಡಿಯಾ ಹತ್ತಿರ ಹಿಡಿಯಿರಿ. ನನ್ನ ಗೆಳತಿಗೆ ಬೆಳಗ್ಗೆ ಇಡ್ಲಿ ಬೇಕೇ ಬೇಕು, ನನಗೆ ಕಾಯಾ ಟೋಸ್ಟ್ (ತೆಂಗಿನ ಹಾಲಿನ ಜಾಮ್ ಹಚ್ಚಿದ ಬ್ರೆಡ್). ಅಲ್ಲಿ ಎರಡೂ ನಡೆದುಹೋಗುವ ದೂರದಲ್ಲಿವೆ. ಊಟಕ್ಕೆ, ಒಂದೇ ಸೂರಿನಡಿ ಹಲವು ಸಣ್ಣ ಊಟದ ಅಂಗಡಿಗಳಿರುವ ಹಾಕರ್ ಸೆಂಟರ್‌ಗಳೇ ವಾಸಿ. ಖಾಲಿ ಮೇಜಿನ ಮೇಲೆ ಟಿಶ್ಯೂ ಪ್ಯಾಕೆಟ್ ಇದ್ದರೆ ಅದು ಯಾರೋ ಹಿಡಿದ ಜಾಗ, ಕೂರಬೇಡಿ. ತಿಂದ ಮೇಲೆ ತಟ್ಟೆಯನ್ನು ನೀವೇ ಎತ್ತಿಡಬೇಕು, ಇಲ್ಲದಿದ್ದರೆ ದಂಡ ಬೀಳಬಹುದು.

ಶನಿವಾರ ಸಂಜೆ ಗಾರ್ಡನ್ಸ್ ಬೈ ದ ಬೇ ಉದ್ಯಾನ. 7:45ಕ್ಕೂ 8:45ಕ್ಕೂ ಅಲ್ಲಿನ ಮರದಾಕಾರದ ದೊಡ್ಡ ಗೋಪುರಗಳ ದೀಪದಾಟ ಇರುತ್ತದೆ, ಉಚಿತ. ಕೆಳಗೆ ನೆಲದ ಮೇಲೆ ಮಲಗಿ ನೋಡಿ! ನಾವು ಹಾಗೆ ಮಲಗಿ, ಕಾಲೇಜಿನ ದಿನಗಳಿಂದ ಹೇಳದೆ ಉಳಿದಿದ್ದನ್ನೆಲ್ಲ ಮಾತಾಡಿದೆವು.

ಭಾನುವಾರ ಬೆಳಗ್ಗೆ ಬೊಟಾನಿಕ್ ಗಾರ್ಡನ್ಸ್. ಅದಕ್ಕೆ ಪ್ರವೇಶ ಉಚಿತ, ಒಳಗಿನ ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್. ಸೆಂಟೋಸಾ ದ್ವೀಪ ಬಿಡಿ, ಅದಕ್ಕೆ ಇನ್ನೊಂದು ದಿನ ಬೇಕು. ಮಳೆ ಯಾವಾಗ ಬೇಕಾದರೂ ಬರುತ್ತದೆ, ಇಬ್ಬರಿಗೂ ಒಂದೊಂದು ಕೊಡೆ ಇಟ್ಟುಕೊಳ್ಳಿ.