ಕೊಯ್ದ ಮೇಲೆ ಹಣ್ಣಾಗದ್ದಕ್ಕೆ ಮಾತ್ರ ತೋಟಕ್ಕೆ ಹೋಗುತ್ತೇನೆ

ಮಂಗಳೂರಿನಲ್ಲಿ ಈಗ ಸಿಗದ ಹಣ್ಣಿಲ್ಲ. ರಂಬುಟಾನ್ ಬೇಕೆಂದರೂ ಫೋನಿನಲ್ಲಿ ಒತ್ತಿದರೆ ಬಾಗಿಲಿಗೆ ಬರುತ್ತದೆ. ಹಾಗಿರುವಾಗ ರಜೆಯ ದಿನ ಬೆಳಿಗ್ಗೆ ಎದ್ದು ಮೂಡುಬಿದಿರೆ, ಬೆಳ್ತಂಗಡಿ ಅಂತ ಯಾಕೆ ಹೋಗಬೇಕು ಎಂದು ಮನೆಯಲ್ಲಿ ಕೇಳುತ್ತಾರೆ. ಎಲ್ಲದಕ್ಕೂ ಹೋಗಬೇಕಾಗಿಲ್ಲ, ನಿಜ. ಬಾಳೆ, ಚಿಕ್ಕು, ಪಪ್ಪಾಯಿ, ಮಾವು, ಹಲಸು ಎಲ್ಲ ಬಲಿತ ಮೇಲೆ ಕೊಯ್ದರೆ ಮನೆಯ ಮೂಲೆಯಲ್ಲೂ ಹಣ್ಣಾಗುತ್ತವೆ. ಅವಕ್ಕೆ ಮಾರ್ಕೆಟ್ಟೇ ಸಾಕು. ರಂಬುಟಾನ್, ಅನಾನಸು, ಡ್ರ್ಯಾಗನ್ ಹಣ್ಣು ಹಾಗಲ್ಲ. ಮರದಿಂದಲೋ ಗಿಡದಿಂದಲೋ ಬೇರೆಯಾದ ಹೊತ್ತಿಗೆ ಎಷ್ಟು ಸಿಹಿ ಇತ್ತೋ ಅಷ್ಟೇ. ಅನಾನಸು ಅಂಗಡಿಯಲ್ಲಿ ಕೂತು ಹಳದಿ ಆಗಬಹುದು, ಮೆತ್ತಗೂ ಆಗಬಹುದು, ಸಿಹಿ ಮಾತ್ರ ಏರುವುದಿಲ್ಲ. ದೂರದ ಊರಿಗೆ ಲಾರಿ ಹತ್ತಬೇಕಾದ ಹಣ್ಣನ್ನು ಪೂರ್ತಿ ಮಾಗುವ ತನಕ ಯಾರೂ ಬಿಡುವುದಿಲ್ಲ. ನಾನು ತೋಟಕ್ಕೆ ಹೋಗುವುದು ಆ ಕೊನೆಯ ಕೆಲವು ದಿನದ ಸಿಹಿಗೆ.

ನಮ್ಮ ಕಡೆ 'ನೀವೇ ಕೊಯ್ದುಕೊಳ್ಳಿ' ಎಂದು ಬೋರ್ಡ್ ಹಾಕಿದ ತೋಟ ಕಡಿಮೆ. ಹೆಚ್ಚಿನವು ಅಡಿಕೆ ತೋಟಗಳು. ಅದರ ನಡುವೆಯೋ ಗುಡ್ಡದ ಬದಿಗೋ ಹಣ್ಣಿನ ಮರ ಹಾಕಿರುತ್ತಾರೆ. ಪರಿಚಯದವರ ಪರಿಚಯ ಹಿಡಿದು ಹೋಗುವುದೇ ದಾರಿ. ನಾನು ಶುರು ಮಾಡಿದ್ದು ತರಕಾರಿ ತರುತ್ತಿದ್ದ ಒಬ್ಬರು ಅಕ್ಕನನ್ನು ಕೇಳಿ. ಅವರ ಅಣ್ಣನ ತೋಟ, ಅಲ್ಲಿಂದ ಅವರ ನೆರೆಮನೆ, ಹೀಗೆ ಬೆಳೆಯಿತು.

ಫೋನ್ ಮಾಡದೆ ಹೋಗಬಾರದು. ಇದು ಮರ್ಯಾದೆಯ ಮಾತು ಮಾತ್ರ ಅಲ್ಲ, ಹಣ್ಣಿನ ಮಾತೂ ಹೌದು. "ಈಗ ಬಂದ್ರೆ ಎಂತ ಉಂಟು ಮಾರಾಯ್ರೆ, ಬಣ್ಣ ಬಂದಿದೆ ಅಷ್ಟೇ. ಮುಂದಿನ ವಾರ ಬನ್ನಿ" ಎಂದು ಅವರು ಹೇಳಿದರೆ ಮುಂದಿನ ವಾರವೇ ಹೋಗಬೇಕು. ನಮ್ಮ ರಜೆಗೆ ಮರ ಕಾಯುವುದಿಲ್ಲ. ಇನ್ನೊಂದು, ಹೋದ ತಕ್ಷಣ ಬುಟ್ಟಿ ಹಿಡಿದು ಮರದ ಬುಡಕ್ಕೆ ಓಡುವ ಹಾಗಿಲ್ಲ. ಮೊದಲು ಜಗಲಿಯಲ್ಲಿ ಕೂರಬೇಕು. ಆಸರಿಗೆ ಬೆಲ್ಲ ನೀರೋ ಮಜ್ಜಿಗೆಯೋ ಬರುತ್ತದೆ. ಬೇಡ ಎಂದರೆ ಮನೆಯ ಅಮ್ಮನಿಗೆ ಬೇಜಾರು. ನಾನು ಇದಕ್ಕೆ ಅರ್ಧ ಗಂಟೆ ಬೇರೆಯೇ ಇಟ್ಟುಕೊಳ್ಳುತ್ತೇನೆ. ಯಾವ ಮರದ್ದು ರುಚಿ, ಯಾವುದು ಬರೀ ನೋಟಕ್ಕೆ ಎನ್ನುವುದೆಲ್ಲ ಗೊತ್ತಾಗುವುದೂ ಅಲ್ಲೇ.

ರಂಬುಟಾನಿಗೆ ಬರುತ್ತೇನೆ. ನಮ್ಮಲ್ಲಿ ಅದು ಜೋರು ಮಳೆಗಾಲದ ಹಣ್ಣು. ಜುಲೈ, ಆಗಸ್ಟ್ ಹೊತ್ತಿಗೆ ಮರ ಕೆಂಪಾಗುತ್ತದೆ. ಈಗ ಹಾಕುವುದೆಲ್ಲ ಕಸಿ ಗಿಡ, ಎನ್-18 ತಳಿ ಜಾಸ್ತಿ. ಬೀಜದಿಂದ ಎಬ್ಬಿಸಿದ ಗಿಡಗಳಲ್ಲಿ ಸುಮಾರು ಅರ್ಧ ಗಂಡು ಮರವಾಗಿ ಹಣ್ಣೇ ಕೊಡದೆ ನಿಲ್ಲಬಹುದು. ಹಾಗಾಗಿ ತಿಂದ ಬೀಜವನ್ನು ತಂದು ಕುಂಡದಲ್ಲಿ ನೆಡುವವರಿಗೆ ನಾನು ಸುಮ್ನೆ ನಗುತ್ತೇನೆ. ಕೊಯ್ಯುವಾಗ ಒಂದೊಂದೇ ಹಣ್ಣು ಕೀಳಬಾರದು, ತೊಟ್ಟಿನ ಹತ್ತಿರ ಸಿಪ್ಪೆ ಹರಿದರೆ ಬೇಗ ಕೆಡುತ್ತದೆ. ಗೊಂಚಲನ್ನು ಸ್ವಲ್ಪ ಕಡ್ಡಿ ಸಮೇತ ಕತ್ತರಿಸಬೇಕು. ಒಂದೇ ಗೊಂಚಲಿನಲ್ಲಿ ನಾಲ್ಕು ಹಣ್ಣು ಕೆಂಪು, ಎರಡು ಹಳದಿ ಇದ್ದರೆ ಅದನ್ನು ಬಿಟ್ಟು ಬೇರೆ ನೋಡಿ. ಹಳದಿಯದ್ದು ಮನೆಗೆ ಬಂದ ಮೇಲೆ ಕೆಂಪಾಗುತ್ತದೆ ಎಂದು ಕಾದು ಕೂತರೆ ಹುಳಿ ಹಣ್ಣೇ ಗತಿ. (ಹಣ್ಣಾದರೂ ಹಳದಿಯೇ ಇರುವ ತಳಿಯೂ ಉಂಟು. ಕೇಳಿಕೊಳ್ಳಬೇಕು.) ಎರಡು ಮೂರು ದಿನದಲ್ಲಿ ಸಿಪ್ಪೆಯ ಮೇಲಿನ ಕೂದಲು ಒಣಗಿ ಕಪ್ಪಾಗುತ್ತದೆ. ಒಳಗಿನ ತಿರುಳು ಆಗಲೂ ಚೆನ್ನಾಗಿಯೇ ಇರುತ್ತದೆ, ನೋಟ ಹೋಗಿರುತ್ತದೆ ಅಷ್ಟೇ. ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿ ಕಟ್ಟಿ ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಸ್ವಲ್ಪ ದಿನ ತಡೆಯುತ್ತದೆ.

ಮರಕ್ಕೆ ಬಲೆ ಹಾಕಿರುವ ತೋಟವಾದರೆ ನನಗೆ ಸಮಾಧಾನ. ಬಾವಲಿಗೂ ಮಂಗನಿಗೂ ಈ ಹಣ್ಣೆಂದರೆ ಪ್ರಾಣ. 2021ರಲ್ಲಿ ಕೋಯಿಕ್ಕೋಡಿನಲ್ಲಿ ಒಬ್ಬ ಹುಡುಗ ಬಾವಲಿಯಿಂದ ಹರಡುವ ನಿಫಾ ವೈರಸ್‌ನಿಂದ ತೀರಿಕೊಂಡಾಗ ಅವರ ಮನೆ ಹತ್ತಿರದ ರಂಬುಟಾನ್ ಮೇಲೂ ಸಂಶಯ ಬಂದಿತ್ತು. ನಾವಂತೂ ಹಲ್ಲಿನ ಗುರುತು ಇರುವ ಹಣ್ಣು, ನೆಲಕ್ಕೆ ಬಿದ್ದು ಒಡೆದ ಹಣ್ಣು ಮುಟ್ಟುವುದಿಲ್ಲ. ಮಕ್ಕಳಿಗೆ ಮರದ ಬುಡದಲ್ಲೇ ಬಾಯಿಗೆ ಹಾಕಬೇಡಿ, ತೊಳೆದು ತಿನ್ನಿ ಎಂದು ಹೇಳಿಯೇ ಕಾರಿನಿಂದ ಇಳಿಸುವುದು.

ತೊಳೆಯಲು ಇನ್ನೊಂದು ಕಾರಣ ಉಂಟು. ಇದನ್ನು ಪೇಟೆಯವರು ಯೋಚಿಸುವುದೇ ಇಲ್ಲ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರಬಾರದೆಂದು ಬೋರ್ಡೋ ದ್ರಾವಣ ಬಿಡುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, ಜುಲೈ ಸುಮಾರಿಗೆ ಮಳೆ ಬಿಟ್ಟ ಗಳಿಗೆ ನೋಡಿ ಇನ್ನೊಂದು ಸಲ. ಎತ್ತರದ ಗೊನೆಗೆ ಹೊಡೆದದ್ದು ಕೆಳಗಿನ ಹಣ್ಣಿನ ಮರದ ಮೇಲೂ ಬೀಳುತ್ತದೆ. ಹಾಗಾಗಿ ಫೋನಿನಲ್ಲೇ ಕೇಳುತ್ತೇನೆ, "ಅಣ್ಣ, ಅಡಿಕೆಗೆ ಮದ್ದು ಯಾವಾಗ ಬಿಟ್ಟದ್ದು?" ಈ ಪ್ರಶ್ನೆ ಕೇಳಿದರೆ ಯಾರಿಗೂ ಬೇಸರವಾಗಿದ್ದು ನೋಡಿಲ್ಲ. ಬದಲಿಗೆ, ಇವಳಿಗೆ ತೋಟ ಗೊತ್ತುಂಟು ಎಂದು ಮಾತು ಇನ್ನೂ ಸಲೀಸಾಗುತ್ತದೆ. ಎಲೆ ಮೇಲೆ ನೀಲಿ ಕಲೆ ಕಂಡರೆ ಆ ಬದಿಯ ಹಣ್ಣು ಆ ದಿನ ಬೇಡ. ಮದ್ದು ಬಿಡುವ ದಿನವಂತೂ ಹೋಗಲೇಬಾರದು. ಅವರಿಗೆ ಮಳೆಯ ಜೊತೆ ಓಟ, ನಮ್ಮನ್ನು ನೋಡಿಕೊಳ್ಳಲು ಪುರುಸೊತ್ತಿರುವುದಿಲ್ಲ.

ಮ್ಯಾಂಗೋಸ್ಟೀನ್ ಕೊಯ್ದ ಮೇಲೂ ಹಣ್ಣಾಗುತ್ತದೆ, ನನ್ನ ಲೆಕ್ಕದಲ್ಲಿ ಅದಕ್ಕೆ ತೋಟ ಬೇಕಿಲ್ಲ. ಆದರೂ ಸಿಕ್ಕಿದರೆ ಬಿಡುವುದಿಲ್ಲ. ಎತ್ತರದಿಂದ ಬಿದ್ದ ಹಣ್ಣಿನ ಸಿಪ್ಪೆ ಕಲ್ಲಾಗಿ ಬಿಡುತ್ತದೆ, ಅಂಗಡಿಯಲ್ಲಿ ಅಂಥದ್ದೂ ಬುಟ್ಟಿಯಲ್ಲಿ ಸೇರಿರುತ್ತದೆ. ಕೈಯಲ್ಲಿ ಕೊಯ್ದದ್ದಾದರೆ ಎರಡು ಅಂಗೈ ನಡುವೆ ಒತ್ತಿದರೆ ಸಾಕು, ಬಾಯಿ ಬಿಡುತ್ತದೆ. ಅಡಿಯಲ್ಲಿರುವ ಹೂವಿನಂಥ ಗುರುತಿನಲ್ಲಿ ಎಷ್ಟು ಎಸಳೋ ಒಳಗೆ ಅಷ್ಟು ತೊಳೆ. ಮಕ್ಕಳು ಎಣಿಸಿ ಪಂಥ ಕಟ್ಟುತ್ತಾರೆ. ಸಿಪ್ಪೆಯ ಕಲೆ ಬಟ್ಟೆಯಿಂದ ಹೋಗುವುದಿಲ್ಲ, ಅದು ನೆನಪಿರಲಿ.

ಬೇಸಿಗೆಯಲ್ಲಿ ನನಗೆ ಇಷ್ಟದ್ದು ಗೇರು ಗುಡ್ಡೆ. ಗೇರು ಹಣ್ಣು ಯಾವ ಮಾರ್ಕೆಟ್ಟಿಗೂ ತಲುಪುವುದಿಲ್ಲ. ಮರದಿಂದ ಬಿದ್ದು ಒಂದು ದಿನ ಕಳೆದರೆ ಹುಳಿತು ಹೋಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಬೆಳಿಗ್ಗೆ ಹೋದರೆ ಲೆಕ್ಕ ಬಹಳ ಸುಲಭ, ಬೀಜ ಅವರಿಗೆ, ಹಣ್ಣು ನಮಗೆ. ಹೆಕ್ಕಿ, ಬೀಜ ತಿರುಚಿ ಅವರ ಬುಟ್ಟಿಗೆ ಹಾಕುವುದು, ಹಣ್ಣು ನಮ್ಮ ಪಾತ್ರೆಗೆ. ಅವರ ಕೆಲಸವೂ ಆಗುತ್ತದೆ, ಹಣ್ಣಿಗೆ ದುಡ್ಡು ತೆಗೆದುಕೊಳ್ಳಲು ಯಾರೂ ಒಪ್ಪುವುದಿಲ್ಲ. ಗಂಟಲು ಹಿಡಿಯಬಾರದೆಂದರೆ ತುಂಡು ಮಾಡಿ ಉಪ್ಪು ಹಾಕಿ ಸ್ವಲ್ಪ ಹೊತ್ತು ಇಟ್ಟು ತಿನ್ನಬೇಕು. ಹಸಿ ಬೀಜದ ಸಿಪ್ಪೆಯ ಸೊನೆ ಚರ್ಮ ಸುಡುತ್ತದೆ, ಅದನ್ನು ಮಕ್ಕಳ ಕೈಗೆ ಕೊಡಬೇಡಿ.

ಅದೇ ಸಮಯಕ್ಕೆ ಮಿಡಿ ಮಾವು. ಇಲ್ಲಿ ನಾನು ಕೊಯ್ಯುವ ಆಸೆಗೆ ಹೋಗುವುದಿಲ್ಲ, ಮರ ಹತ್ತುವವರ ಕೆಲಸ ಅದು. ಆದರೆ ಕೊಯ್ಯುವಾಗ ಅಲ್ಲೇ ನಿಂತಿರುತ್ತೇನೆ. ನೆಲಕ್ಕೆ ಬಿದ್ದು ಪೆಟ್ಟಾದ ಒಂದು ಮಿಡಿ ಭರಣಿಯಲ್ಲಿ ಕೊಳೆತರೆ ಇಡೀ ಉಪ್ಪಿನಕಾಯಿ ಹೋಯಿತು. ಕಿಲೋ ಲೆಕ್ಕ ಅಲ್ಲ, ನೂರಕ್ಕೆ ಇಷ್ಟು ಎಂದು ಎಣಿಸಿ ಕೊಡುತ್ತಾರೆ. ಪುನರ್ಪುಳಿಯನ್ನು (ಕೋಕಂ) ಮಾತ್ರ ನಾವೇ ಹೆಕ್ಕುತ್ತೇವೆ. ಮಳೆಗೆ ಮೊದಲು ತಂದು ಸಿಪ್ಪೆ ಒಣಗಿಸಿಬಿಡಬೇಕು.

ತರಕಾರಿಗೂ ಇದೇ ಅಳತೆ. ಮಂಗಳೂರು ಸೌತೆ, ಬೂದುಕುಂಬಳ ಇವೆಲ್ಲ ಹಿಂದೆ ಮನೆಯಲ್ಲಿ ತೆಂಗಿನ ಗರಿಯಲ್ಲಿ ಕಟ್ಟಿ ಮಾಡಿಗೆ ತೂಗು ಹಾಕಿ ತಿಂಗಳುಗಟ್ಟಲೆ ಇಡುತ್ತಿದ್ದ ತರಕಾರಿ. ಅದನ್ನು ಎಲ್ಲಿಂದ ತಂದರೂ ಒಂದೇ. ಬಸಳೆ, ಹರಿವೆ, ಎಳೆ ಅಲಸಂಡೆ ಮಾತ್ರ ಬೆಳಿಗ್ಗೆ ಕೊಯ್ದದ್ದು ಮಧ್ಯಾಹ್ನ ಪದಾರ್ಥವಾಗಬೇಕು.

ಉಡುಪಿ ಕಡೆ ಹೋದರೆ ಮಟ್ಟುಗುಳ್ಳ. ಹೆದ್ದಾರಿಯಲ್ಲಿ ಕಟಪಾಡಿಗೆ ಬಂದು ಪಡುಬದಿಗೆ ತಿರುಗಿದರೆ ಮಟ್ಟು ಹತ್ತಿರವೇ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಭತ್ತ ಕೊಯ್ದ ಗದ್ದೆಗಳಲ್ಲಿ ಈ ಬದನೆ. ಸೋದೆ ಮಠದ ವಾದಿರಾಜ ಸ್ವಾಮಿಗಳು ಇದರ ಬೀಜ ಕೊಟ್ಟರು ಎನ್ನುವ ಕಥೆ ಎಲ್ಲರಿಗೂ ಗೊತ್ತಲ್ವಾ? 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂತು. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಉಡುಪಿ ಕೃಷ್ಣನ ಪೂಜೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ಆಗುವಾಗ ಮಟ್ಟಿನವರ ಹೊರೆಕಾಣಿಕೆಯಲ್ಲಿ ಗುಳ್ಳ ಇರಲೇಬೇಕು. ದುಂಡಗೆ, ತಿಳಿ ಹಸಿರು, ಮೈಮೇಲೆ ಬಿಳಿ ಗೆರೆ, ತೊಟ್ಟಿನಲ್ಲಿ ಮುಳ್ಳು. ಆ ಮುಳ್ಳು ಚುಚ್ಚುವುದರಿಂದ ತೊಟ್ಟನ್ನು ಕತ್ತರಿಸಿಯೇ ತೆಗೆಯುತ್ತೇನೆ, ಎಳೆಯುವುದಿಲ್ಲ. ಸಿಪ್ಪೆ ಹೊಳೆಯುತ್ತಿರಬೇಕು. ಹೊಳಪು ಹೋಗಿ ಹಳದಿ ತಿರುಗಿದ್ದರೆ ಒಳಗೆ ಬೀಜ ಗಟ್ಟಿಯಾಗಿರುತ್ತದೆ. ಪೇಟೆಯಲ್ಲಿ ಬೇರೆ ಊರಿನ ದುಂಡು ಬದನೆಯೂ ಇದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ನಾನು ಅಷ್ಟು ದೂರ ಹೋಗುವುದು ಈ ಕಾರಣಕ್ಕೂ ಹೌದು. ಡಿಸೆಂಬರ್ ಕೊನೆಯಿಂದ ಮೇ ತನಕ ಸಿಗುತ್ತದೆ. ತಂದ ದಿನ ತೆಂಗಿನಕಾಯಿ ಹಾಕದ ಬೋಳು ಹುಳಿ, ಮರುದಿನ ಪೋಡಿ (ಬಜ್ಜಿ).

ದುಡ್ಡಿನ ಬಗ್ಗೆ ಒಂದು ಮಾತು. ತೋಟದಲ್ಲಿ ಅಗ್ಗ ಸಿಗುತ್ತದೆ ಎಂದು ಹೊರಡುವುದಾದರೆ ಪೆಟ್ರೋಲ್ ಲೆಕ್ಕ ಹಾಕಿಯೇ ಹೊರಡಿ. ನಾನು ಚೌಕಾಸಿ ಮಾಡುವುದಿಲ್ಲ. ನಮ್ಮ ಕೈಯಲ್ಲಿ ಮುರಿದ ಕೊಂಬೆ, ಮಕ್ಕಳು ಅರ್ಧ ಕಚ್ಚಿ ಬಿಸಾಡಿದ್ದು ಎಲ್ಲ ಅವರ ನಷ್ಟವೇ ತಾನೇ? ಮಕ್ಕಳಿಗೆ ಮೊದಲೇ ಹೇಳಿರುತ್ತೇನೆ, ದೋಟಿಗೆ ಸಿಗದ ಹಣ್ಣು ನಮ್ಮದಲ್ಲ, ಮರ ಹತ್ತುವ ಹಾಗಿಲ್ಲ. ಮಳೆಗಾಲದಲ್ಲಿ ಕೊಂಬೆಯ ಮೇಲೆ ಪಾಚಿ ಇರುತ್ತದೆ, ಕೆಂಪಿರುವೆ ಗೂಡೂ ಇರುತ್ತದೆ. ಇನ್ನು ಹೊರಡುವಾಗ ಮನೆಯವರು ಲೆಕ್ಕಕ್ಕೆ ಸೇರಿಸದೆ ಬಾಳೆಲೆಯೋ, ಎರಡು ತೆಂಗಿನಕಾಯಿಯೋ ಕಾರಿಗೆ ಇಟ್ಟೇ ಇಡುತ್ತಾರೆ. ಅದಕ್ಕೆ ದುಡ್ಡು ಕೊಡಲು ಹೋಗಬೇಡಿ. ಮುಂದಿನ ಸಲ ಹೋಗುವಾಗ ಪೇಟೆಯಿಂದ ಎಂತ ಬೇಕು ಎಂದು ಫೋನಿನಲ್ಲಿ ಕೇಳಿ ತೆಗೆದುಕೊಂಡು ಹೋಗಿ. ನಾವು ಹೋಗುವ ಒಂದು ತೋಟದ ಭಟ್ರ ಮನೆಗೆ ಹೆಚ್ಚಾಗಿ ಬೇಕಾಗುವುದು ಔಷಧಿ ಅಂಗಡಿಯ ಸಾಮಾನು ಮತ್ತು ಮಿಕ್ಸಿ ರಿಪೇರಿ.