ಕನ್ನಡಿಯಲ್ಲಿ ಕಂಡ ಗುಲಾಬಿ ಗೆರೆ: ಹಲ್ಲು ಉಳಿಸಿಕೊಳ್ಳಲು ನಾನು ಕಲಿತದ್ದು

ನನಗೆ 38 ವರ್ಷ ಇದ್ದಾಗ ಒಂದು ರಾತ್ರಿ ಕೆಳದವಡೆಯ ಎಡಗಡೆಯ ಹಿಂದಿನ ಹಲ್ಲು ನಿದ್ದೆಯಿಂದ ಎಬ್ಬಿಸಿ ಕೂರಿಸಿತು. ಮಲಗಿದರೆ ನೋವು ಜಾಸ್ತಿ, ಎದ್ದು ಕೂತರೆ ಸ್ವಲ್ಪ ಕಡಿಮೆ. ಬೆಳಗ್ಗೆ ಡಾಕ್ಟರಿಗೆ ನಾನು ಹೇಳಿದ ಮೊದಲ ಮಾತೇ, "ನಾನು ದಿನಾ ಎರಡು ಸಲ ಬ್ರಶ್ ಮಾಡ್ತೀನಿ" ಅಂತ. ಅವರು ವಾದ ಮಾಡಲಿಲ್ಲ. ಮೊದಲು ನೋವಿಗೆ ಆಗಬೇಕಾದ್ದನ್ನು ಮಾಡಿದರು. ಮುಂದಿನ ಸಲ ಬರುವಾಗ ನಿಮ್ಮ ಬ್ರಶ್ ತನ್ನಿ ಎಂದರು.

ತೆಗೆದುಕೊಂಡು ಹೋದೆ. ಅವರ ಎದುರಿಗೇ ಎಂದಿನಂತೆ ಉಜ್ಜಿದೆ. ಆಮೇಲೆ ಹಲ್ಲಿಗೆಲ್ಲ ಒಂದು ಬಣ್ಣದ ದ್ರವ ಹಚ್ಚಿದರು, ಬಾಯಿ ಮುಕ್ಕಳಿಸಲು ಹೇಳಿ ಕೈಗೆ ಕನ್ನಡಿ ಕೊಟ್ಟರು. ಹಲ್ಲಿನ ಮೇಲೆ ಪಾಚಿ, ಅಂದರೆ ಬ್ಯಾಕ್ಟೀರಿಯಾ ತುಂಬಿದ ಅಂಟು ಪದರ, ಉಳಿದಿರುವ ಕಡೆ ಮಾತ್ರ ಆ ಬಣ್ಣ ಹಿಡಿದುಕೊಳ್ಳುತ್ತದೆ. ನನ್ನ ಮುಂದಿನ ಹಲ್ಲುಗಳ ನಡುಭಾಗ ಬೆಳ್ಳಗಿತ್ತು. ಆದರೆ ಹಲ್ಲು ವಸಡಿಗೆ ಸೇರುವ ಅಂಚಿನಲ್ಲಿ ಉದ್ದಕ್ಕೂ ಗುಲಾಬಿ ಗೆರೆ. ಕೆಳಗಿನ ಹಲ್ಲುಗಳ ಒಳಮೈ, ನಾಲಿಗೆ ತಾಗುವ ಕಡೆ, ಪೂರ್ತಿ ಗುಲಾಬಿ. ಕೊನೆಯ ದವಡೆ ಹಲ್ಲಿನ ಹಿಂಬದಿಗೆ ನನ್ನ ಬ್ರಶ್ ಯಾವತ್ತೂ ಹೋಗಿಯೇ ಇರಲಿಲ್ಲ. ಇಷ್ಟು ವರ್ಷ ನಾನು ಉಜ್ಜುತ್ತಿದ್ದದ್ದು ನಗುವಾಗ ಕಾಣುವ ಭಾಗವನ್ನು ಮಾತ್ರ.

ಹಾಗಾಗಿ ನಿಮಗೂ ಅಲ್ಲಿಂದಲೇ ಶುರು ಮಾಡಿ ಎನ್ನುತ್ತೇನೆ. ಮೆತ್ತನೆಯ ಎಳೆಗಳ ಬ್ರಶ್ ತೆಗೆದುಕೊಳ್ಳಿ. ಗಟ್ಟಿ ಬ್ರಶ್ ಜಾಸ್ತಿ ಸ್ವಚ್ಛ ಮಾಡುತ್ತದೆ ಎನ್ನುವುದು ಸುಳ್ಳು, ಅದು ವಸಡನ್ನು ಸವೆಸುತ್ತದೆ. ಬ್ರಶ್ಶನ್ನು ವಸಡಿನ ಅಂಚಿಗೆ ಸುಮಾರು 45 ಡಿಗ್ರಿ ಓರೆಯಾಗಿ ಹಿಡಿಯಿರಿ, ಎಳೆಗಳ ತುದಿ ವಸಡಿನ ಕಡೆಗೆ ಇರಲಿ. ಅಲ್ಲೇ ಸಣ್ಣದಾಗಿ ಅಲುಗಿಸಿ, ಆಮೇಲೆ ಹಲ್ಲಿನ ತುದಿಯ ಕಡೆಗೆ ಹೊರಳಿಸಿ. ಒಂದು ಸಲಕ್ಕೆ ಎರಡು ಮೂರು ಹಲ್ಲು ಸಾಕು. ನಾನು ಕೆಳಗಿನ ಹಲ್ಲುಗಳ ಒಳಮೈಯಿಂದಲೇ ಶುರು ಮಾಡುತ್ತೇನೆ. ಕೈಗೆ ಸುಸ್ತಾಗುವ ಮೊದಲೇ ಕಷ್ಟದ ಜಾಗ ಮುಗಿದಿರುತ್ತದೆ. ಕೊನೆಯ ಹಲ್ಲಿನ ಹಿಂಬದಿಗೆ ಬಾಯಿ ಅರ್ಧ ಮುಚ್ಚಿ, ಆಗ ಕೆನ್ನೆ ಸಡಿಲವಾಗಿ ಬ್ರಶ್ ಒಳಗೆ ಹೋಗುತ್ತದೆ. ಒಟ್ಟು 2 ನಿಮಿಷ. ಗಡಿಯಾರ ಇಟ್ಟು ನೋಡಿ, ನೀವು ಅಂದುಕೊಂಡದ್ದಕ್ಕಿಂತ ಅದು ಬಹಳ ಉದ್ದ.

ಎರಡು ಹಲ್ಲುಗಳ ಸಂದಿಗೆ ಬ್ರಶ್ ಹೋಗುವುದಿಲ್ಲ. ಅದಕ್ಕೆ ಫ್ಲಾಸ್ ದಾರ ಬೇಕು. ಸಂದಿ ಅಗಲ ಇದ್ದರೆ ಅದಕ್ಕೆಂದೇ ಇರುವ ಪುಟ್ಟ ಬ್ರಶ್ ದಾರಕ್ಕಿಂತ ಸುಲಭ. ದಾರವನ್ನು ಸುಮ್ನೆ ಒಳಗೆ ಒತ್ತಬೇಡಿ. ಹಲ್ಲಿನ ಬದಿಗೆ ಸುತ್ತಿದಂತೆ ಬಾಗಿಸಿ ಮೇಲೆ ಕೆಳಗೆ ಎಳೆಯಿರಿ.

ಪೇಸ್ಟಿನಲ್ಲಿ ಫ್ಲೋರೈಡ್ ಇರಬೇಕು, ದೊಡ್ಡವರಿಗೆ 1000ರಿಂದ 1500 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ). ಉಜ್ಜಿದ ಮೇಲೆ ನೊರೆ ಉಗುಳಿ, ಆದರೆ ನೀರು ಹಾಕಿ ಮತ್ತೆ ಮತ್ತೆ ಮುಕ್ಕಳಿಸಬೇಡಿ. ಫ್ಲೋರೈಡ್ ಹಲ್ಲಿನ ಮೇಲೆ ಸ್ವಲ್ಪ ಹೊತ್ತು ಉಳಿದರೇನೇ ಕೆಲಸ ಮಾಡುವುದು. ರಾತ್ರಿಯ ಬ್ರಶ್ ಮಾತ್ರ ತಪ್ಪಿಸಲೇಬೇಡಿ. ನಿದ್ದೆಯಲ್ಲಿ ಬಾಯಿಯಲ್ಲಿ ಜೊಲ್ಲು ಕಡಿಮೆ, ಹಲ್ಲನ್ನು ತೊಳೆದು ಕಾಯುವವರು ಯಾರೂ ಇರುವುದಿಲ್ಲ.

ನನ್ನ ಹಲ್ಲು ಹುಳುಕಾಗಲು ಇನ್ನೊಂದು ಕಾರಣ ಇತ್ತು. ಆಫೀಸಿನಲ್ಲಿ ಸಕ್ಕರೆ ಹಾಕಿದ ಕಾಫಿಯನ್ನು ಬೆಳಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ಗುಟುಕು ಗುಟುಕಾಗಿ ಕುಡಿಯುತ್ತಿದ್ದೆ. ಸಿಹಿ ಬಾಯಿಗೆ ಬಿದ್ದಾಗಲೆಲ್ಲ ಪಾಚಿಯಲ್ಲಿರುವ ಬ್ಯಾಕ್ಟೀರಿಯಾ ಅದನ್ನು ತಿಂದು ಆಮ್ಲ ಬಿಡುತ್ತವೆ. ಆ ಆಮ್ಲವನ್ನು ಜೊಲ್ಲು ಸರಿಮಾಡಲು ಅರ್ಧ ಗಂಟೆಯ ಆಸುಪಾಸು ಬೇಕು. ಅಷ್ಟರಲ್ಲಿ ನಾನು ಇನ್ನೊಂದು ಗುಟುಕು ಕುಡಿದಿರುತ್ತಿದ್ದೆ. ಅಂದರೆ ನಾಲ್ಕು ಗಂಟೆ ನನ್ನ ಹಲ್ಲು ಆಮ್ಲದಲ್ಲಿ ನೆನೆಯುತ್ತಿತ್ತು ಅಲ್ವಾ? ಎಷ್ಟು ಸಿಹಿ ತಿಂದಿರಿ ಎನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದಿರಿ ಎನ್ನುವುದು ಹಲ್ಲಿಗೆ ಮುಖ್ಯ. ಈಗ ನಾನು ಕಾಫಿಯನ್ನು ಒಂದೇ ಸಲಕ್ಕೆ ಕುಡಿದು ಮುಗಿಸುತ್ತೇನೆ, ಮೇಲೊಂದಿಷ್ಟು ನೀರು ಕುಡಿಯುತ್ತೇನೆ. ಹುಳಿ ಪಾನೀಯ ಕುಡಿದ ಮೇಲೆ ಅಥವಾ ವಾಂತಿಯಾದ ಮೇಲೆ ತಕ್ಷಣ ಬ್ರಶ್ ಮಾಡಬೇಡಿ, ನೀರಿನಲ್ಲಿ ಮುಕ್ಕಳಿಸಿ ಅರ್ಧ ಗಂಟೆ ಬಿಡಿ. ಆಗ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಮೆತ್ತಗಾಗಿರುತ್ತದೆ, ಉಜ್ಜಿದರೆ ಸವೆಯುತ್ತದೆ.

ಇನ್ನು ರಕ್ತದ ವಿಷಯ. ವಸಡಿನಲ್ಲಿ ರಕ್ತ ಕಂಡರೆ ನಾವೆಲ್ಲ ಆ ಕಡೆ ಉಜ್ಜುವುದನ್ನೇ ಬಿಡುತ್ತೇವೆ. ನಾನೂ ಹಾಗೇ ಮಾಡಿದ್ದೆ. ಅದು ತಪ್ಪು, ಬಹಳ ದೊಡ್ಡ ತಪ್ಪು. ಪಾಚಿ ಕೂತು ವಸಡು ಕೆರಳಿರುವುದರಿಂದಲೇ ರಕ್ತ ಬರುತ್ತದೆ. 1965ರಲ್ಲಿ ದಂತ ಸಂಶೋಧಕ ಹರಾಲ್ಡ್ ಲೋ ಮತ್ತು ಅವರ ಜೊತೆಗಾರರು ಡೆನ್ಮಾರ್ಕಿನ ಆರ್ಹಸ್‌ನಲ್ಲಿ 12 ಜನ ಆರೋಗ್ಯವಂತರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದ್ದರು. ಮೂರು ವಾರದೊಳಗೆ ಎಲ್ಲರ ವಸಡೂ ಉರಿಯೂತಕ್ಕೆ ಬಂತು. ಮತ್ತೆ ಉಜ್ಜಲು ಶುರು ಮಾಡಿದ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ನನಗೆ ಇದು ತುಂಬ ಧೈರ್ಯ ಕೊಟ್ಟಿತು. ರಕ್ತ ಬರುವ ಕಡೆಯೇ ಮೆಲ್ಲಗೆ, ಗಮನ ಇಟ್ಟು ಉಜ್ಜಿ. ಒಂದೆರಡು ವಾರದಲ್ಲಿ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ. ಒಳಗಿನ ಮೂಳೆ ಕರಗಲು ಶುರುವಾದರೆ ಅದು ತಾನಾಗಿ ಮತ್ತೆ ಬೆಳೆಯುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು ಇನ್ನೂ ಬೇಗ ಹೋಗಬೇಕು. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದೂ ಕಷ್ಟ.

ಪಾಚಿ ಗಟ್ಟಿಯಾಗಿ ಗಾರೆ ಕಟ್ಟಿದ ಮೇಲೆ ಯಾವ ಬ್ರಶ್ಶಿಗೂ ಅದು ಬಗ್ಗುವುದಿಲ್ಲ. ಕ್ಲೀನಿಂಗ್ ಮಾಡಿಸಲೇಬೇಕು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತದೆ ಎಂದು ನಮ್ಮಮ್ಮ ಹತ್ತು ವರ್ಷ ತಪ್ಪಿಸಿಕೊಂಡರು. ಸಂದಿ ತುಂಬಿಕೊಂಡಿದ್ದ ಗಾರೆ ಹೋದಾಗ ಹಲ್ಲಿನ ನಡುವೆ ಜಾಗ ಬಿಟ್ಟ ಹಾಗೆ ಅನ್ನಿಸುತ್ತದೆ, ಕೆಲವು ದಿನ ತಣ್ಣನೆಯದಕ್ಕೆ ಜುಮ್ ಎನ್ನುತ್ತದೆ. ಅಷ್ಟೇ.

ರೂಟ್ ಕೆನಾಲ್ ಹೆಸರು ಕೇಳಿ ನಾನು ನಡುಗಿದ್ದೆ. ಆದರೆ ನೋವು ಇದ್ದದ್ದು ಅದಕ್ಕೆ ಮೊದಲು. ಹುಳುಕು ಹಲ್ಲಿನೊಳಗಿನ ನರದವರೆಗೆ ಇಳಿದಾಗ ಆ ಕೆಟ್ಟ ಭಾಗವನ್ನು ತೆಗೆದು, ಸಣ್ಣ ಸೂಜಿಯಂಥ ಫೈಲುಗಳಿಂದ ಬೇರಿನ ಕಾಲುವೆ ಶುಚಿ ಮಾಡಿ, ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ವಸ್ತು ತುಂಬಿ ಮುಚ್ಚುತ್ತಾರೆ. ಬರಿಯ ಆಂಟಿಬಯೋಟಿಕ್ ಗುಳಿಗೆ ಇದಕ್ಕೆ ಬದಲಿ ಅಲ್ಲ. ನರ ಸತ್ತ ಹಲ್ಲಿನೊಳಗೆ ರಕ್ತ ಹರಿಯುವುದಿಲ್ಲ, ಔಷಧಿ ಅಲ್ಲಿಗೆ ತಲುಪುವುದಾದರೂ ಹೇಗೆ? ತುಂಬ ಕೆರಳಿದ ಹಲ್ಲಿಗೆ ಮರಗಟ್ಟಿಸುವ ಇಂಜೆಕ್ಷನ್ ಕೆಲವೊಮ್ಮೆ ಸರಿಯಾಗಿ ಹಿಡಿಯುವುದಿಲ್ಲ. ನೋವಾದರೆ ಎಡಗೈ ಎತ್ತುತ್ತೇನೆ, ನಿಲ್ಲಿಸಿ ಎಂದು ಮೊದಲೇ ಹೇಳಿಕೊಳ್ಳಿ. ನಾನು ಒಮ್ಮೆ ಎತ್ತಿದೆ, ಇನ್ನೊಂದು ಇಂಜೆಕ್ಷನ್ ಕೊಟ್ಟರು. ಮರಗಟ್ಟಿದ್ದು ಬಿಡುವವರೆಗೆ ಏನೂ ಅಗಿಯಬೇಡಿ, ಗೊತ್ತಾಗದೆ ಕೆನ್ನೆಯನ್ನೇ ಕಚ್ಚಿಕೊಳ್ಳುತ್ತೀರಿ.

ಮೊದಲ ಸಲಕ್ಕೇ ನೋವು ಹೋಯಿತು ಎಂದು ಅರ್ಧಕ್ಕೆ ಬಿಡಬೇಡಿ. ದವಡೆ ಹಲ್ಲಿಗೆ ಕ್ಯಾಪ್ ಹಾಕಿಸಿ ಎಂದರೆ ಮುಂದೂಡಬೇಡಿ. ನನ್ನ ಅಣ್ಣ ಮುಂದೂಡಿದ. ಎಂಟು ತಿಂಗಳ ಮೇಲೆ ಆ ಹಲ್ಲು ಉದ್ದಕ್ಕೆ ಸೀಳಿತು, ಕೀಳಿಸಬೇಕಾಯಿತು.

ಕೀಳಿಸಿದ ದಿನ ಮಾಡಬೇಕಾದ್ದು ಇಷ್ಟು. ಹತ್ತಿಯನ್ನು ಅರ್ಧ ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿ ಹಿಡಿಯಿರಿ. 24 ಗಂಟೆ ಮುಕ್ಕಳಿಸಬೇಡಿ, ಉಗುಳಬೇಡಿ, ಸ್ಟ್ರಾ ಹಾಕಿ ಹೀರಬೇಡಿ, ಸಿಗರೇಟು ಮುಟ್ಟಬೇಡಿ. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಅಲ್ಲಿಯ ಬ್ಯಾಂಡೇಜ್, ಅದು ಕಿತ್ತು ಬಂದರೆ ಎರಡು ಮೂರು ದಿನದ ಮೇಲೆ ಭಯಂಕರ ನೋವು ಬರುತ್ತದೆ. ಮಾರನೇ ದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು.

ಕುರ್ಚಿಯಲ್ಲಿ ಕೂರುವ ಮೊದಲು ನೀವು ತಿನ್ನುವ ಎಲ್ಲ ಮಾತ್ರೆಗಳ ಹೆಸರು ಹೇಳಿ. ರಕ್ತ ತೆಳುವಾಗಿಸುವ ಮಾತ್ರೆ, ಮೂಳೆ ಸವೆತದ ಔಷಧಿ, ಹೃದಯದ ಕವಾಟದ ಆಪರೇಷನ್, ಬಸಿರು, ಅಲರ್ಜಿ, ಯಾವುದನ್ನೂ ಬಿಡಬೇಡಿ. ಆದರೆ ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಮಕ್ಕಳಿರುವ ಮನೆಯವರಿಗೆ ಎರಡು ಮಾತು. ಆರು ವರ್ಷದ ಹೊತ್ತಿಗೆ ಹಾಲು ಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಒಂದು ದವಡೆ ಹಲ್ಲು ಬರುತ್ತದೆ. ಅದು ಶಾಶ್ವತ ಹಲ್ಲು. ಹಾಲು ಹಲ್ಲು ಎಂದುಕೊಂಡು ಹುಳುಕಾಗಲು ಬಿಡಬೇಡಿ. ಇನ್ನೊಂದು, ಆಟದಲ್ಲಿ ಬಿದ್ದು ಶಾಶ್ವತ ಹಲ್ಲು ಬೇರು ಸಮೇತ ಕಿತ್ತು ಬಂದರೆ ಬೇರನ್ನು ಮುಟ್ಟಬೇಡಿ, ಉಜ್ಜಬೇಡಿ. ಬಿಳಿ ಭಾಗ ಹಿಡಿದು, ಕೊಳೆ ಇದ್ದರೆ ಕ್ಷಣಕಾಲ ತೊಳೆದು, ಅದೇ ಗುಳಿಗೆ ಕೂರಿಸಿ. ಆಗದಿದ್ದರೆ ಹಾಲಿನಲ್ಲಿ ಹಾಕಿ, ಅರ್ಧ ಗಂಟೆಯೊಳಗೆ ಡಾಕ್ಟರ ಮುಂದೆ ಇರಿ. ಹಾಲು ಹಲ್ಲಾದರೆ ಮಾತ್ರ ವಾಪಸ್ ಕೂರಿಸಬೇಡಿ, ಕೆಳಗೆ ಬೆಳೆಯುತ್ತಿರುವ ಹಲ್ಲಿಗೆ ಪೆಟ್ಟಾಗುತ್ತದೆ.

ಬಾಯಿಹುಣ್ಣು ಎರಡು ವಾರವಾದರೂ ಮಾಯದಿದ್ದರೆ, ಅದೂ ತಂಬಾಕಿನ ಅಭ್ಯಾಸ ಇದ್ದರೆ, ನೋವಿಲ್ಲ ಎಂದು ಸುಮ್ಮನಿರಬೇಡಿ. ಹಲ್ಲುನೋವಿನ ಜೊತೆ ಮುಖ ಊದಿ, ಜ್ವರ ಬಂದು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಬೆಳಗಾಗುವವರೆಗೆ ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಯ ತುರ್ತು ಚಿಕಿತ್ಸೆ ವಿಭಾಗಕ್ಕೆ ಹೊರಡಿ.