ದಾಬೋಲಿಂನಿಂದ ಬಜಪೆಗೆ, ಕುರ್ಚಿಯಿಂದ ಏಳದೆ

ಮನೆಗೆ ಫ್ಲೈಟ್ ಸಿಮ್ಯುಲೇಟರ್, ಎಂದರೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ತಂತ್ರಾಂಶ, ತಂದವರು ಮೊದಲು ಹುಡುಕುವುದು ತಮ್ಮ ಮನೆಯ ಚಾವಣಿಯನ್ನು. ಅದಾದ ಮೇಲೆ ಐಫೆಲ್ ಗೋಪುರಕ್ಕೆ ಒಂದು ಸುತ್ತು, ತಾಜ್ ಮಹಲಿಗೆ ಇನ್ನೊಂದು. ಅಲ್ಲಿಗೆ ಉತ್ಸಾಹ ಇಳಿಯುತ್ತದೆ. ಹಾಗೆ ಮೂಲೆ ಸೇರಿದ ಜಾಯ್‌ಸ್ಟಿಕ್ ನಿಮ್ಮ ಮನೆಯಲ್ಲಿದ್ದರೆ, ಗೋವಾದಿಂದ ಮಂಗಳೂರಿನವರೆಗೆ ಕರಾವಳಿಯ ಉದ್ದಕ್ಕೂ ಒಮ್ಮೆ ಹಾರಿ ನೋಡಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬಸ್ಸಿನಲ್ಲಿ ಹೋಗುವವರಿಗೆ ನದಿ ಕಾಣುವುದು ಸೇತುವೆ ದಾಟುವಷ್ಟು ಹೊತ್ತು ಮಾತ್ರ. ಆ ನದಿ ಕಡಲ ಹತ್ತಿರ ಬಂದು ಎಲ್ಲಿ ಹೊರಳುತ್ತದೆ, ಎಲ್ಲಿ ದ್ವೀಪ ಕಟ್ಟುತ್ತದೆ ಎಂಬುದು ಮೇಲಿನಿಂದಲೇ ತಿಳಿಯಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದೇವಸ್ಥಾನ, ಪ್ರತಿಮೆ, ದೀಪಸ್ತಂಭಗಳಿಗಾಗಿ ಹೊರಟರೆ ನಿರಾಸೆಯಾಗುವ ಸಾಧ್ಯತೆಯೇ ಹೆಚ್ಚು. ಅಳಿವೆ, ಮರಳದಂಡೆ, ದ್ವೀಪ, ಘಟ್ಟದ ಸಾಲುಗಳಿಗಾಗಿ ಹೊರಡಿ.

ಯಾವ ತಂತ್ರಾಂಶ?

ಖರ್ಚಿಲ್ಲದೆ ರುಚಿ ನೋಡಬೇಕೆಂದರೆ ಕಂಪ್ಯೂಟರಿಗೆ ಗೂಗಲ್ ಅರ್ಥ್ ಪ್ರೊ ಇಳಿಸಿಕೊಳ್ಳಿ. ವಿಂಡೋಸ್‌ನಲ್ಲಿ ಕಂಟ್ರೋಲ್, ಆಲ್ಟ್, ಎ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದರೊಳಗಿನ ಪುಟ್ಟ ಸಿಮ್ಯುಲೇಟರ್ ತೆರೆದುಕೊಳ್ಳುತ್ತದೆ. ಇರುವುದು ಎರಡೇ ವಿಮಾನ. ಎಫ್-16 ಬಿಟ್ಟು ಎಸ್‌ಆರ್22 ಆರಿಸಿ. ಯುದ್ಧವಿಮಾನದ ವೇಗದಲ್ಲಿ ಹೊನ್ನಾವರ ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಫ್ಲೈಟ್‌ಗಿಯರ್ ಕೂಡ ಉಚಿತ, ಹಾರಾಟ ಕಲಿಯಲು ಒಳ್ಳೆಯದು. ಆದರೆ ಅದರ ನೆಲದ ಚಿತ್ರಣ ಒರಟು.

ನೋಟಕ್ಕಾಗಿಯೇ ಆದರೆ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ಗೆ ಸಾಟಿಯಿಲ್ಲ. 2020ರ ಆವೃತ್ತಿಯೂ ಸಾಕು, 2024ರ ನವೆಂಬರಿನಲ್ಲಿ ಬಂದ ಹೊಸದೂ ಆಗಬಹುದು. ಹೊಸದಕ್ಕೆ ಕನಿಷ್ಠ 16 ಜಿಬಿ ರ‍್ಯಾಮ್ ಮತ್ತು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ನೆಲದ ಚಿತ್ರಗಳು ಹಾರುತ್ತಿರುವಾಗಲೇ ಇಂಟರ್ನೆಟ್ಟಿನಿಂದ ಇಳಿಯುತ್ತವೆ. ಹಾಗಾಗಿ ಮೊಬೈಲ್ ಹಾಟ್‌ಸ್ಪಾಟ್ ನಂಬಿ ಹೊರಡಬೇಡಿ, ದಿನದ ಡೇಟಾ ಕಾರವಾರಕ್ಕೇ ಮುಗಿದೀತು.

ಈ ತಂತ್ರಾಂಶ ಬಿಂಗ್ ನಕ್ಷೆಯ ಉಪಗ್ರಹ ಚಿತ್ರವನ್ನು ಬೆಟ್ಟ ತಗ್ಗುಗಳ ಮೇಲೆ ಹೊದಿಸುತ್ತದೆ. ಕಟ್ಟಡಗಳನ್ನು ಮಾತ್ರ ಬಹುಪಾಲು ಊಹಿಸಿ ನಿಲ್ಲಿಸುತ್ತದೆ. ನೆಲದ ಆಕಾರ ನಂಬಬಹುದಾದದ್ದು, ಊರುಗಳ ಮುಖ ನಂಬಬಾರದ್ದು ಎನ್ನುವುದು ಇದಕ್ಕೇ.

ಉತ್ತರದಿಂದ ದಕ್ಷಿಣಕ್ಕೇ ಹಾರಿ

ನಮ್ಮವರು ಸಹಜವಾಗಿ ಮಂಗಳೂರಿನಿಂದ ಹೊರಡುತ್ತಾರೆ. ಅದು ತಲೆಕೆಳಗು. ಈ ಹಾದಿಗೆ ಸೆಸ್ನಾ 172 ಎಂಬ ಪುಟ್ಟ ವಿಮಾನ ಆರಿಸಿ. ಅದರಲ್ಲಿ ನೀವು ಕೂರುವುದು ಎಡಗಡೆಯ ಆಸನದಲ್ಲಿ. ದಕ್ಷಿಣಕ್ಕೆ ಮುಖ ಮಾಡಿ, ದಡದಿಂದ ಒಂದೂವರೆ ಕಿಲೋಮೀಟರ್ ಆಚೆ ಸಮುದ್ರದ ಮೇಲೆ ಹಾರಿದರೆ ಇಡೀ ಕರಾವಳಿ ನಿಮ್ಮದೇ ಕಿಟಕಿಯಲ್ಲಿ, ಅದರ ಬೆನ್ನಿಗೆ ಪಶ್ಚಿಮ ಘಟ್ಟ. ಉತ್ತರಕ್ಕೆ ಹಾರಿದರೆ ಪಕ್ಕದ ಖಾಲಿ ಆಸನದ ಆಚೆಗೆ ಕತ್ತು ಚಾಚಬೇಕು.

ಸಮಯವನ್ನು ಮಧ್ಯಾಹ್ನ ಮೂರೂವರೆಗೆ ಇಡಿ. ಬೆಳಿಗ್ಗೆ ಸೂರ್ಯ ಘಟ್ಟದ ಮೇಲಿಂದ ನೇರ ಕಣ್ಣಿಗೆ ಹೊಡೆಯುತ್ತಾನೆ, ದಡ ನೆರಳಿನಲ್ಲಿ ಮಂಕಾಗಿರುತ್ತದೆ. ಮಧ್ಯಾಹ್ನದ ನಂತರ ಬೆಳಕು ಕಡಲಿನ ಕಡೆಯಿಂದ ಬಿದ್ದು ಮರಳು, ತೆಂಗು, ಕೆಂಪು ಕಲ್ಲಿನ ಗುಡ್ಡಗಳು ಬೇರೆಬೇರೆಯಾಗಿ ಕಾಣುತ್ತವೆ. ನೈಜ ಹವಾಮಾನದ ಆಯ್ಕೆಯನ್ನು ಕೈಬಿಡಿ. ಜುಲೈ ತಿಂಗಳಲ್ಲಿ ಅದನ್ನು ಹಾಕಿಕೊಂಡರೆ ಮೋಡದ ಹೊಟ್ಟೆಯಲ್ಲೇ ಪ್ರಯಾಣ. ಆಕಾಶ ತಿಳಿಯಾಗಿರಲಿ, ಗಾಳಿ ಸೊನ್ನೆ ಇರಲಿ. ಗಾಳಿ ಸೊನ್ನೆ ಏಕೆ ಎಂಬುದು ಇಳಿಯುವಾಗ ತಿಳಿಯುತ್ತದೆ.

ಹೊರಡುವುದು

ಹೊರಡುವ ನಿಲ್ದಾಣಕ್ಕೆ ಗೋವಾದ ದಾಬೋಲಿಂನ ಸಂಕೇತ ವಿಒಜಿಒ, ತಲುಪುವ ನಿಲ್ದಾಣಕ್ಕೆ ಮಂಗಳೂರಿನ ವಿಒಎಂಎಲ್ ತುಂಬಿ. ಸಮುದ್ರದ ಕಡೆಗೆ ಮುಖ ಮಾಡಿರುವ ರನ್‌ವೇ 26 ಆರಿಸಿ. ವೇಗ 55 ನಾಟ್ ಆದಾಗ ಮೂತಿಯನ್ನು ಮೆಲ್ಲಗೆ ಎತ್ತಿ, ನೀರಿನ ಮೇಲೆ ಬಂದೊಡನೆ ಎಡಕ್ಕೆ ತಿರುಗಿ. 2,000 ಅಡಿಗೆ ಏರಿ, ವೇಗವನ್ನು 100 ನಾಟ್‌ಗೆ, ಎಂದರೆ ಗಂಟೆಗೆ 185 ಕಿ.ಮೀ.ಗೆ ನಿಲ್ಲಿಸಿ. ಆಮೇಲೆ ಆಟೊಪೈಲಟ್‌ಗೆ ಎತ್ತರ ಮತ್ತು ದಿಕ್ಕು ಎರಡನ್ನೂ ಒಪ್ಪಿಸಿಬಿಡಿ. ದಿಕ್ಕು 160 ಡಿಗ್ರಿಯ ಆಸುಪಾಸು ಇದ್ದರೆ ದಡ ಜೊತೆಜೊತೆಗೇ ಬರುತ್ತದೆ, ಅಲ್ಲಲ್ಲಿ ಐದು ಹತ್ತು ಡಿಗ್ರಿ ತಿದ್ದಿದರೆ ಸಾಕು. ಸ್ವತಃ ಓಡಿಸುವುದೇ ಶೂರತನ ಎಂದುಕೊಂಡವರು ಎರಡೂ ಕಣ್ಣು ಎತ್ತರಮಾಪಕದ ಮೇಲಿಟ್ಟು ಗೋಕರ್ಣ ದಾಟಿಬಿಡುತ್ತಾರೆ.

ಇಡೀ ಹಾದಿ ಒಂದೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು. ನಡುವೆ ಇಳಿಯಲು ನಾಗರಿಕ ವಿಮಾನ ನಿಲ್ದಾಣ ಒಂದೂ ಇಲ್ಲ. ಅಷ್ಟು ಪುರುಸೊತ್ತು ಇಲ್ಲದವರು ನಕ್ಷೆಯಲ್ಲಿ ಬೇಕಾದ ಜಾಗ ಒತ್ತಿ ಆಕಾಶದಲ್ಲೇ ಹಾರಾಟ ಆರಂಭಿಸಬಹುದು.

ಏನನ್ನು ನೋಡುವುದು

ಸುಮಾರು ಇಪ್ಪತ್ತಮೂರು ನಿಮಿಷಕ್ಕೆ ಕಾರವಾರ. ಕಾಳಿ ನದಿ ಅಗಲವಾಗಿ ಕಡಲಿಗೆ ಸೇರುವುದು, ಅದರ ಬಲದಂಡೆಯಲ್ಲಿ ಸದಾಶಿವಗಡದ ಗುಡ್ಡ ನೀರಿಗೇ ಬಾಗಿರುವುದು ಚೆನ್ನಾಗಿ ಕಾಣುತ್ತದೆ. ನದಿಯ ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದುಬಿದ್ದಿತು. ಉಪಗ್ರಹ ಚಿತ್ರ ಅದಕ್ಕಿಂತ ಹಳೆಯದಾಗಿದ್ದರೆ ಇಲ್ಲಿ ಅದು ಇನ್ನೂ ನಿಂತಿರಬಹುದು. ಊರಿನ ದಕ್ಷಿಣಕ್ಕೆ ಅಂಜದೀವ್ ದ್ವೀಪ. ಕಾರವಾರದ ಮಗ್ಗುಲಲ್ಲೇ ಇದ್ದರೂ ಆಡಳಿತದ ಲೆಕ್ಕದಲ್ಲಿ ಅದು ಗೋವಾದ್ದು. ಕದಂಬ ನೌಕಾನೆಲೆ ಇರುವುದೂ ಇಲ್ಲಿಯೇ. ಖಾಸಗಿ ವಿಮಾನ ಹೀಗೆ ತಲೆಯ ಮೇಲೆ ಅಡ್ಡಾಡಿದರೆ ನಿಜಜೀವನದಲ್ಲಿ ನೌಕಾಪಡೆ ಸುಮ್ಮನಿರುವುದಿಲ್ಲ.

ಗೋಕರ್ಣದ ಓಂ ಕಡಲತೀರದ ಆಕಾರ ಕಾಣಬೇಕಾದರೆ ಪಕ್ಕದಿಂದ ಹೋದರೆ ಆಗದು. ಆಟೊಪೈಲಟ್ ಬಿಡಿಸಿ, ದಡದ ಮೇಲೆ ಬಂದು, ಎಡ ರೆಕ್ಕೆಯನ್ನು 30 ಡಿಗ್ರಿ ಇಳಿಸಿ ಒಂದು ಸುತ್ತು ಹಾಕಿ. ಹಾಗೆ ವಾಲಿದಾಗ ವಿಮಾನ ಎತ್ತರ ಕಳೆದುಕೊಳ್ಳುತ್ತದೆ, ಸ್ಟಿಕ್ಕನ್ನು ಕೊಂಚ ಹಿಂದಕ್ಕೆ ಹಿಡಿದಿರಿ. ಅಲ್ಲಿಂದ ಕೆಳಗೆ ತದಡಿಯಲ್ಲಿ ಅಘನಾಶಿನಿ. ಒಳಗೆ ವಿಶಾಲವಾಗಿ ಹರಡಿಕೊಂಡ ಆ ನೀರೆಲ್ಲ ಕಿರಿದಾದ ಬಾಯಿಯಿಂದ ಹೊರಬೀಳುತ್ತದೆ. ಕರಾವಳಿಯ ಅಳಿವೆಗಳಲ್ಲಿ ನನಗೆ ಅತಿ ಸುಂದರವಾಗಿ ಕಂಡದ್ದು ಇದೇ.

ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ರೈಲು ಸೇತುವೆ ಇದೆ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಅಳಿವೆಯ ಒಳಗೆ ಮಾವಿನಕುರ್ವೆ ದ್ವೀಪ. ನದಿ ಹಿಡಿದು ಜೋಗಕ್ಕೆ ಹೋಗಿಬರೋಣ ಎಂಬ ಆಸೆ ಇಲ್ಲಿ ಹುಟ್ಟುತ್ತದೆ. ಹೋಗಿ, ಆದರೆ ಜಲಪಾತಕ್ಕಾಗಿ ಅಲ್ಲ, ಕಣಿವೆಗಾಗಿ. ಗೇರುಸೊಪ್ಪೆ ತಲುಪುವ ಮೊದಲೇ 3,500 ಅಡಿಗೆ ಏರಿರಬೇಕು.

ಮುರ್ಡೇಶ್ವರದಲ್ಲಿ 123 ಅಡಿಯ ಶಿವನನ್ನು ಹುಡುಕಿ ಬೇಸರಪಡಬೇಡಿ. ಸಮುದ್ರಕ್ಕೆ ಚಾಚಿದ ಕಂದುಕಗಿರಿ ನೋಡಿ, ಅಷ್ಟೇ. ಅಲ್ಲಿಂದ ಬಲಕ್ಕೆ, 240 ಡಿಗ್ರಿಯತ್ತ ಆರು ನಿಮಿಷ ಹೋದರೆ ಒಂಟಿಯಾಗಿ ನಿಂತ ನೇತ್ರಾಣಿ ದ್ವೀಪ. ಮೇಲಿನಿಂದ ಹೃದಯದ ಆಕಾರ.

ಮರವಂತೆಗೆ ಬರುವಾಗ ವೇಗವನ್ನು 80 ನಾಟ್‌ಗೆ ಇಳಿಸಿ, ರೆಕ್ಕೆಯ ಹಿಂಬದಿಯ ಪಟ್ಟಿಯಾದ ಫ್ಲ್ಯಾಪನ್ನು ಒಂದು ಹಂತ ಬಿಡಿ. ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಎಂಬುದು ಎಲ್ಲರಿಗೂ ಗೊತ್ತು, ಎಲ್ಲರ ಮೊಬೈಲಿನಲ್ಲೂ ಫೋಟೊ ಇದೆ. ಮೇಲಿನಿಂದ ಕಾಣುವ ಸೋಜಿಗ ಬೇರೆ. ಘಟ್ಟದಿಂದ ಇಷ್ಟು ದೂರ ಬಂದ ನದಿ ಕಡಲಿಗೆ ಕೈಯಳತೆಯಲ್ಲಿ ಬಂದು, ಸೇರದೆ, ತಿರುಗಿಬಿಡುತ್ತದೆ. ದಕ್ಷಿಣಕ್ಕೆ ಹರಿದು ಗಂಗೊಳ್ಳಿಯಲ್ಲಿ ವಾರಾಹಿ, ಚಕ್ರಾ ಮುಂತಾದ ನದಿಗಳ ಜೊತೆ ಪಂಚಗಂಗಾವಳಿಯಾಗಿ ಒಟ್ಟಿಗೆ ಬಾಯಿ ಬಿಡುತ್ತದೆ. ಬಸ್ಸಿನ ಕಿಟಕಿಯಿಂದ ಈ ಕಥೆ ಅರ್ಧವೂ ತಿಳಿಯುವುದಿಲ್ಲ. ಕೆಳಗೆ ಕೋಡಿಬೆಂಗ್ರೆಯಲ್ಲಿ ಸೀತಾ, ಸುವರ್ಣಾ ನದಿಗಳೂ ಹೀಗೆಯೇ ದಡದ ಬೆನ್ನಿಗೆ ಅಡ್ಡಾಡಿ, ಕಡಲಿಗೂ ತಮಗೂ ನಡುವೆ ದಾರದಂಥ ನೆಲವೊಂದನ್ನು ಉಳಿಸಿವೆ.

ಮಲ್ಪೆಯ ಎದುರು ಸೇಂಟ್ ಮೇರೀಸ್ ದ್ವೀಪಗಳು ಬಲಗಡೆಗೆ ಬರುವ ಹಾಗಿದ್ದರೆ ಇನ್ನಷ್ಟು ಆಚೆ ಸರಿದು ಅವನ್ನು ಎಡಕ್ಕೆ ತಂದುಕೊಳ್ಳಿ. ಲಾವಾ ತಣ್ಣಗಾಗಿ ಮೂಡಿದ ಕಂಬಗಲ್ಲುಗಳು ಇಷ್ಟು ಎತ್ತರದಿಂದ ಕಾಣುವುದಿಲ್ಲ; ದಡಕ್ಕೆ ಸಮನಾಗಿ ಸಾಲುಗಟ್ಟಿದ ದ್ವೀಪಗಳು ಕಾಣುತ್ತವೆ.

ಬಜಪೆಯಲ್ಲಿ ಇಳಿಯುವುದು

ಸುರತ್ಕಲ್ ದಾಟಿದ ಮೇಲೆ ಪಣಂಬೂರು ಬಂದರಿನ ಹಡಗುಕಟ್ಟೆ ಸಿಗುತ್ತದೆ. ಅಲ್ಲಿ 2,000 ಅಡಿಯಲ್ಲೇ ಇದ್ದು, ಎಡಕ್ಕೆ 60 ಡಿಗ್ರಿಗೆ ತಿರುಗಿದರೆ ರನ್‌ವೇ 06 ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ ನೇರ ಮುಂದಿರುತ್ತದೆ. ಇಳಿಜಾರಿಗೆ ಸರಿಯಾದ ಎತ್ತರವೂ ಅದೇ. ಮಧ್ಯಾಹ್ನದ ನಿಜವಾದ ಕಡಲಗಾಳಿ ಇದ್ದಿದ್ದರೆ ಅದು ಬೆನ್ನ ಹಿಂದಿನಿಂದ ತಳ್ಳುತ್ತಿತ್ತು. ಗಾಳಿ ಸೊನ್ನೆ ಮಾಡಿದ್ದು ಅದಕ್ಕೆ.

ರನ್‌ವೇ ಇರುವುದು ಗುಡ್ಡದ ತಲೆಯ ಮೇಲೆ, ಎರಡೂ ತುದಿಗಳಲ್ಲಿ ಕಮರಿ. 2010ರ ಮೇ 22ರಂದು 158 ಮಂದಿಯನ್ನು ಬಲಿ ಪಡೆದ ದುರಂತದಲ್ಲಿ ವಿಮಾನ ಅರ್ಧಕ್ಕಿಂತ ಹೆಚ್ಚು ರನ್‌ವೇ ದಾಟಿದ ಮೇಲೆ ನೆಲ ಮುಟ್ಟಿತ್ತು. ನಿಮ್ಮ ಸೆಸ್ನಾಗೆ 2,450 ಮೀಟರ್ ಧಾರಾಳ. ಆದ್ದರಿಂದ ತುದಿಯಲ್ಲೇ ಇಳಿಸುವ ಹಟ ಬೇಡ, ಒಳಗೆ ಬಂದು ಮುಟ್ಟಿಸಿ. ಫ್ಲ್ಯಾಪ್ ಪೂರ್ತಿ, ವೇಗ 65 ನಾಟ್. ರನ್‌ವೇ ಪಕ್ಕದ ನಾಲ್ಕು ದೀಪಗಳು ಎರಡು ಬಿಳಿ, ಎರಡು ಕೆಂಪು ತೋರಿಸಬೇಕು. ನಾಲ್ಕೂ ಕೆಂಪಾದರೆ ತಗ್ಗಾಗಿದ್ದೀರಿ ಎಂದು ಅರ್ಥ. ಎತ್ತರಮಾಪಕ ಸಮುದ್ರಮಟ್ಟದ ಲೆಕ್ಕ ಹೇಳುತ್ತದೆ, ಚಕ್ರ ನೆಲ ಮುಟ್ಟಿದಾಗಲೂ ಸುಮಾರು 340 ಅಡಿ ತೋರಿಸಿದರೆ ಗಾಬರಿಯಾಗಬೇಡಿ.

ಕೊನೆಯ ಗಳಿಗೆಯಲ್ಲಿ ಏನೋ ಸರಿಯಿಲ್ಲ ಅನಿಸಿದರೆ ಥ್ರಾಟಲ್ ಪೂರ್ತಿ ಒತ್ತಿ, ಫ್ಲ್ಯಾಪನ್ನು ಹಂತಹಂತವಾಗಿ ಮಡಿಸುತ್ತಾ ಏರಿ, ಎಡಕ್ಕೆ ತಿರುಗಿ ಕಡಲಿಗೆ ಮರಳಿ. ಸುರತ್ಕಲ್ ಮತ್ತೆ ಸಿಗುತ್ತದೆ. ಅಲ್ಲಿಂದ ಪಣಂಬೂರಿಗೆ ಬಂದು ಇನ್ನೊಮ್ಮೆ ಪ್ರಯತ್ನಿಸಿ.